ಅಕ್ಕನ ಮಾತಿಗೆ ನಾನು ಎಳೆದ ಕೆಂಪು ಗೀಟು

ಹತ್ತನೇ ತರಗತಿಗೆ ಅಲಂಕಾರದ ಪಾಠ ಮಾಡುವುದೆಂದರೆ ನನಗೆ ಹಬ್ಬ. ಬೇರೆ ಕನ್ನಡ ಮೇಷ್ಟ್ರುಗಳು ಪರೀಕ್ಷೆ ಹತ್ತಿರ ಬಂದಾಗ ಅದನ್ನು ಎರಡು ಪಿರಿಯಡ್ಡಿನಲ್ಲಿ ಮುಗಿಸಿ ಕೈ ತೊಳೆದುಕೊಳ್ಳುತ್ತಾರೆ. ನಾನು ಎರಡು ವಾರ ತೆಗೆದುಕೊಳ್ಳುತ್ತೇನೆ. ಯಾವುದನ್ನು ಹೋಲಿಸುತ್ತೀರಿ, ಯಾವುದಕ್ಕೆ ಹೋಲಿಸುತ್ತೀರಿ, ಯಾವ ಗುಣಕ್ಕೆ ಹೋಲಿಸುತ್ತೀರಿ, ಹೋಲಿಸಿದ್ದೇವೆಂದು ತೋರಿಸುವ ಪದ ಯಾವುದು. ಈ ನಾಲ್ಕನ್ನೂ ಬಿಡಿಸಿ ಬರೆದರೆ ಉಪಮೆಗೆ ಪೂರ್ತಿ ಅಂಕ. ಒಂದು ಬಿಟ್ಟರೂ ನನ್ನ ಕೆಂಪು ಪೆನ್ನು ಕರುಣೆ ತೋರಿಸಿದ್ದಿಲ್ಲ. ಮಕ್ಕಳು ನನ್ನ ಬೆನ್ನ ಹಿಂದೆ ಏನೆಂದು ಕರೆಯುತ್ತಾರೋ ನಾನು ವಿಚಾರಿಸಲು ಹೋಗಿಲ್ಲ. ಒಳ್ಳೆಯದನ್ನಂತೂ ಕರೆಯುತ್ತಿರಲಿಕ್ಕಿಲ್ಲ.

ಪಾಠ ನನ್ನದಾದರೂ ಉದಾಹರಣೆಗಳು ನನ್ನವಲ್ಲ. ಅವೆಲ್ಲ ನನ್ನ ಅಕ್ಕನವು. ಈ ಮಾತನ್ನು ತರಗತಿಯಲ್ಲಿ ಒಂದು ದಿನವೂ ಹೇಳಿಲ್ಲ. ನನಗೇ ಹೊಳೆದವೆಂಬಂತೆ ಹೇಳಿ, ಮಕ್ಕಳು ನಕ್ಕಾಗ ಒಳಗೊಳಗೇ ಬೀಗಿದ್ದೇನೆ.

ನಾವಿಬ್ಬರೂ ಹುಟ್ಟಿದ್ದು ಬೇಲೂರಿನಲ್ಲಿ. ಅಪ್ಪನಿಗೆ ಪೇಟೆಬೀದಿಯಲ್ಲಿ ದಿನಸಿ ಅಂಗಡಿ. ನನಗೆ ಮೂರು ವರ್ಷವಾಗಿದ್ದಾಗ ಅವ್ವ ತೀರಿಕೊಂಡಳು. ನನಗಿಂತ ಹತ್ತು ವರ್ಷ ದೊಡ್ಡವಳಾದ ಅಕ್ಕ ಶಾಲೆ ಬಿಟ್ಟು, ಲಂಗ ಬಿಟ್ಟು, ಅವ್ವನ ಸೀರೆಗಳನ್ನೇ ಉಟ್ಟು ಒಲೆಯ ಮುಂದೆ ಕೂತಳು. ಅವಳು ಹಿತ್ತಿಲಿಗೆ ಹೋದರೆ ನಾನು ಹಿತ್ತಿಲಿಗೆ, ಬಾವಿಗೆ ಹೋದರೆ ಬಾವಿಗೆ. ಅವಳ ಸೆರಗಿನ ತುದಿ ಸದಾ ನನ್ನ ಮುಷ್ಟಿಯಲ್ಲಿ ಇರುತ್ತಿತ್ತು. 'ಬಿಡೇ ಪುಟ್ಟಿ, ಸೀರೆ ಹರೀತೈತೆ' ಎಂದು ಬೈಯುತ್ತಿದ್ದಳು, ಆದರೆ ಬಿಡಿಸಿಕೊಳ್ಳುತ್ತಿರಲಿಲ್ಲ. ನನ್ನನ್ನು ಪುಟ್ಟಿ ಎಂದು ಕರೆಯುತ್ತಿದ್ದವಳು ಲೋಕದಲ್ಲಿ ಅವಳೊಬ್ಬಳೇ.

ಅವಳನ್ನು ಅರಸೀಕೆರೆ ಕಡೆಯ ತೆಂಗಿನ ತೋಟದ ಮನೆಗೆ ಕೊಟ್ಟರು. ಅಲ್ಲಿ ಕಾಯಿಯನ್ನು ಕಿತ್ತ ಕೂಡಲೇ ಮಾರುವುದಿಲ್ಲ. ಅಟ್ಟದ ಮೇಲೆ ಹರಡಿ ವರ್ಷದ ಹತ್ತಿರ ಬಿಡುತ್ತಾರೆ. ಒಳಗಿನ ನೀರು ಇಂಗಿ, ತಿರುಳು ಒಣಗಿ ಕೊಬ್ಬರಿಯಾಗಿ, ಚಿಪ್ಪಿನಿಂದ ಬಿಡಿಸಿಕೊಂಡು ಒಳಗೇ ಉರುಳಾಡತೊಡಗುತ್ತದೆ. ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, ಒಳಗಿನ ಸದ್ದು ಕೇಳಿ, ಇದು ಆಗಿದೆ, ಇದು ಆಗಿಲ್ಲ ಎಂದು ಬೇರೆ ಮಾಡುವುದು ಅಕ್ಕನ ಕೆಲಸ. ಅವಳ ಕಿವಿ ತಪ್ಪಿದ್ದೇ ಇಲ್ಲವೆಂದು ಅವಳ ಗಂಡ ಬಂದವರಿಗೆಲ್ಲ ಹೇಳಿಕೊಳ್ಳುತ್ತಿದ್ದರು.

ರಜೆಗೆ ಹೋದಾಗ ನಾನು ಅಟ್ಟದ ಏಣಿಯ ಮೇಲೆ ನೋಟ್‌ಬುಕ್ ಹಿಡಿದು ಕೂರುತ್ತಿದ್ದೆ. ಅಕ್ಕ ಕಾಯಿ ಅಲ್ಲಾಡಿಸುತ್ತಾ ಊರಿನವರನ್ನೆಲ್ಲ ಆಡಿಕೊಳ್ಳುತ್ತಿದ್ದಳು. ಜಿಪುಣ ನೆಂಟನೊಬ್ಬನ ಮನೆಯ ಮಜ್ಜಿಗೆಯ ಬಗ್ಗೆ, 'ಅದ್ರಾಗೆ ಮುಖ ನೋಡ್ಕಂಡು ತಲೆ ಬಾಚ್ಕಬೋದು ಕಣೇ' ಎಂದಳು. ನಾನು ಅತಿಶಯೋಕ್ತಿ ಎಂದು ಬರೆದುಕೊಂಡೆ. ಹಗರೆ ಊರಿನ ಮೇಲೆ ಹಾದು ಬರುವ ಬಸ್ಸಿನ ಬಗ್ಗೆ, 'ಹೊಸ ಸೊಸೆ ಬಂದಂಗೆ ಬತ್ತೈತೆ, ಒಂದೊಂದು ಮನೆ ಮುಂದೂ ನಿಂತ್ಕಂಡು' ಎಂದಳು. ಉಪಮೆ ಎಂದು ಬರೆದುಕೊಂಡೆ.

'ಅದ್ಕೂ ಒಂದು ಹೆಸರೈತಾ?' ಎಂದು ಬೆರಗಾದಳು.

'ಎಲ್ಲದಕ್ಕೂ ಹೆಸರಿದೆ ಅಕ್ಕಾ. ಹೆಸರು ಗೊತ್ತಿದ್ರೆ ಅಲ್ವಾ ಅರ್ಥ ಆಗೋದು?'

'ಹೆಸರಿಟ್ಟ ಹಸ ಎರಡು ಸೇರು ಜಾಸ್ತಿ ಕರೀತೈತಾ?' ಎಂದು ನಕ್ಕು ಮುಂದಿನ ಕಾಯಿಗೆ ಕೈ ಹಾಕಿದಳು. ಬಿ.ಎ. ಓದುತ್ತಿದ್ದ ನನಗೆ ಸಿಟ್ಟು ಬಂತು. ನನಗೆ ಸಿಟ್ಟು ಬರುವುದು ಯಾವತ್ತೂ ತಡವಾಗಿಲ್ಲ.

ಭಾವ ಹೋಗಿ ಎಂಟು ವರ್ಷವಾಯಿತು. ಅವರಿಗೆ ಮಕ್ಕಳಿರಲಿಲ್ಲ, ಭಾವನ ತಮ್ಮ ತೋಟ ನೋಡಿಕೊಳ್ಳುತ್ತಿದ್ದರು. ಹೋದ ವರ್ಷ ಸಂಕ್ರಾಂತಿ ಕಳೆದ ವಾರದಲ್ಲಿ ಅಕ್ಕನಿಗೆ ಲಕ್ವ ಹೊಡೆಯಿತು. ಹಾಸನದ ಆಸ್ಪತ್ರೆಗೆ ನಾನು ಓಡಿಹೋದಾಗ ಬಲಗೈ ಬಿದ್ದುಹೋಗಿತ್ತು, ಬಾಯಿ ಒಂದಿಷ್ಟು ಸೊಟ್ಟಗಾಗಿತ್ತು. ನನ್ನನ್ನು ನೋಡಿದವಳೇ ಕಣ್ಣರಳಿಸಿದಳು. ಏನೋ ಹುಡುಕಿದಳು, ಸಿಗಲಿಲ್ಲ. ಮತ್ತೆ ಹುಡುಕಿ, 'ಹಿಂದೆ ಹಿಂದೆ ಬರೋಳು' ಎಂದಳು. ಪಕ್ಕದಲ್ಲಿದ್ದ ನರ್ಸಿಗೂ ನನ್ನ ಕಡೆ ಕೈ ತೋರಿಸಿ ಅದನ್ನೇ ಹೇಳಿದಳು.

ನಾನು ಅವಳ ತಲೆ ಸವರಿ, 'ಪುಟ್ಟಿ ಅಕ್ಕಾ, ಪುಟ್ಟಿ. ಪುಟ್ಟಿ ಅನ್ನು' ಎಂದೆ. ಅವಳು ನನ್ನ ತುಟಿಯನ್ನೇ ನೋಡಿದಳು. ಆ ಹೆಸರು ಅವಳಿಗೆ ಸಿಗಲಿಲ್ಲ. ನನಗೆ ಅಳು ಬಂತು. ಆ ಕ್ಷಣದಿಂದ ನನಗೆ ಬೇಕಾಗಿದ್ದು ಒಂದೇ, ಅವಳ ಬಾಯಲ್ಲಿ ಪುಟ್ಟಿ ಎಂಬ ಮಾತು. ಅದಕ್ಕಾಗಿ ಏನು ಬೇಕಾದರೂ ಮಾಡುತ್ತೇನೆಂದುಕೊಂಡೆ, ಮಾಡಿಯೂ ಮಾಡಿದೆ.

ಆಸ್ಪತ್ರೆಯಲ್ಲಿ ಮಾತು ಕಲಿಸುವ ಹುಡುಗಿಯೊಬ್ಬಳಿದ್ದಳು. ಅಕ್ಕನಿಗೆ ಬುದ್ಧಿ ಸರಿಯಾಗಿದೆ, ವಸ್ತುಗಳ ಹೆಸರು ಮಾತ್ರ ಕೈಗೆ ಸಿಗುತ್ತಿಲ್ಲ, ಕೆಲವು ಬರುತ್ತವೆ, ಕೆಲವು ಬರುವುದಿಲ್ಲ ಎಂದು ವಿವರಿಸಿದಳು. 'ಅವರು ಹೆಂಗೇ ಹೇಳ್ಲಿ, ನಿಮಗೆ ಅರ್ಥ ಆದ್ರೆ ಹೂಂ ಅನ್ನಿ ಮೇಡಂ. ಮನೇನ ಪರೀಕ್ಷೆ ಹಾಲ್ ಮಾಡ್ಬೇಡಿ' ಎಂದಳು. ನಾನು ತಲೆಯಾಡಿಸಿದೆ. ಮೂವತ್ತು ವರ್ಷ ಪಾಠ ಮಾಡಿದವಳಿಗೆ ನಿನ್ನೆ ಮೊನ್ನೆ ಕೆಲಸಕ್ಕೆ ಸೇರಿದ ಹುಡುಗಿ ಕಲಿಸಲು ಬಂದಳಲ್ಲ ಎಂದು ಮನಸ್ಸಿನಲ್ಲಿ ಅಂದುಕೊಂಡೆ.

ಅಕ್ಕನನ್ನು ಹಳೇಬೀಡಿನ ನನ್ನ ಮನೆಗೆ ಕರೆತಂದೆ. ನಾನು ಮದುವೆಯಾದವಳಲ್ಲ, ಒಬ್ಬಳೇ ಇದ್ದ ಮನೆ. ಹಗರೆ ದಾರಿಯ ಹೈಸ್ಕೂಲಿಗೆ ಬೆಳಿಗ್ಗೆ ಬಸ್ಸು ಹಿಡಿದರೆ ಸಂಜೆ ವಾಪಸು. ಆ ಹೊತ್ತಿನಲ್ಲಿ ಅಕ್ಕನನ್ನು ನೋಡಿಕೊಳ್ಳಲು ಪಕ್ಕದ ಮನೆಯ ಹೆಂಗಸು ಒಪ್ಪಿದಳು. ಎರಡು ಹಸು ಕಟ್ಟಿಕೊಂಡು ಡೈರಿಗೆ ಹಾಲು ಹಾಕುವವಳು, ಹೆಬ್ಬೆಟ್ಟು ಒತ್ತುವವಳು.

ಮೊದಲ ವಾರ ಅಕ್ಕ ಬಾಯಿ ತುಂಬ ಮಾತಾಡಿದಳು. ಬಾಚಣಿಗೆ ಬೇಕಾದಾಗ 'ತಲೆ ಉಳೋದು ಕೊಡು' ಎಂದಳು. ಕಿಟಕಿಗೆ 'ಗೋಡೆ ಕಣ್ಣು' ಎಂದಳು. ನನ್ನ ಮೊಬೈಲಿಗೆ 'ಅಂಗೈ ಕಿವಿ' ಎಂದಳು. ಹೋಲಿಕೆ ಎಂದು ಹೇಳದೆ, ಅದೇ ಇದು ಎಂದುಬಿಡುವುದಕ್ಕೆ ರೂಪಕ ಎನ್ನುತ್ತೇವೆ. ತರಗತಿಯಲ್ಲಿ ಒಬ್ಬ ವಿದ್ಯಾರ್ಥಿನಿ ಕಿಟಕಿಯನ್ನು ಗೋಡೆಯ ಕಣ್ಣು ಎಂದು ಬರೆದಿದ್ದರೆ ಉಳಿದವರಿಗೆ ಓದಿ ತೋರಿಸಿ ಚಪ್ಪಾಳೆ ಹೊಡೆಸುತ್ತಿದ್ದೆ. ಅಕ್ಕನಿಗೆ ಏನು ಹೇಳಿದೆ ಗೊತ್ತೇ? 'ತಪ್ಪು. ಕಿಟಕಿ. ಇನ್ನೊಂದ್ಸಲ ಹೇಳು.'

ಹಳೆಯ ಮದುವೆ ಕಾಗದಗಳ ಹಿಂಬದಿಯನ್ನು ಕತ್ತರಿಸಿ ಕಾರ್ಡು ಮಾಡಿದೆ. ಒಂದೊಂದರ ಮೇಲೂ ಒಂದು ಚಿತ್ರ, ಕೆಳಗೆ ದಪ್ಪಕ್ಷರದಲ್ಲಿ ಹೆಸರು. ಸಂಜೆ ಬಂದು ಕೈಕಾಲು ತೊಳೆದವಳೇ ಅವಳ ಮುಂದೆ ಕುಳಿತು ಒಂದೊಂದೇ ತೋರಿಸುತ್ತಿದ್ದೆ. ನೋಟ್‌ಬುಕ್ಕಿನಲ್ಲಿ ಪಟ್ಟಿ ಬರೆದು, ಹೇಳಿದ್ದಕ್ಕೆ ಸರಿ ಗುರುತು, ಹೇಳದ್ದರ ಮೇಲೆ ಕೆಂಪು ಗೀಟು ಹಾಕುತ್ತಿದ್ದೆ. ಅಕ್ಕ ಕಾರ್ಡನ್ನು ಬಿಟ್ಟು ನನ್ನ ಪೆನ್ನನ್ನು ನೋಡುತ್ತಿದ್ದಳು. 'ಇಲ್ಲಿ ನೋಡು ಅಕ್ಕಾ, ಗಮನ ಎಲ್ಲಿದೆ ನಿಂಗೆ?' ಎಂದು ನಾನು ಗದರುತ್ತಿದ್ದೆ.

ಕಾಫಿಯ ವಿಷಯ ಬರೆಯಲು ಕೈ ಬರುತ್ತಿಲ್ಲ. ಆದರೂ ಬರೆಯುತ್ತೇನೆ. ಹೆಸರು ಹೇಳಿದರೆ ಮಾತ್ರ ಕಾಫಿ ಎಂದು ನಿಯಮ ಮಾಡಿದೆ. ಅಕ್ಕ ಲೋಟ ನೋಡಿದಳು. 'ಬೆಳಿಗ್ಗೆ ಎಬ್ಸೋದು' ಎಂದಳು. ಅಲ್ಲ ಎಂದೆ. 'ಬಿಸೀದು. ನೊರೇದು' ಎಂದಳು. 'ಹೆಸರು ಹೇಳು' ಎಂದೆ. ಕಾಫಿಯ ಮೇಲೆ ಕೆನೆ ಕಟ್ಟಿತು. ನನ್ನ ಕಣ್ಣಲ್ಲೂ ನೀರಿತ್ತು, ಆದರೆ ಲೋಟ ಮಾತ್ರ ಮುಂದೆ ಹೋಗಲಿಲ್ಲ. ನಮ್ಮ ಮನೆಯಲ್ಲಿ ನನಗೆ ಉಣ್ಣಿಸದೆ ಒಂದು ದಿನವೂ ಉಣ್ಣದಿದ್ದವಳು ಗೋಡೆಯ ಕಡೆ ಮುಖ ತಿರುಗಿಸಿ ಮಲಗಿದಳು. ನಾನು ಆ ಕಾಫಿಯನ್ನು ಬಚ್ಚಲಿಗೆ ಚೆಲ್ಲಿ ಶಾಲೆಗೆ ಹೋದೆ.

ಮಾರ್ಚ್ ತಿಂಗಳಲ್ಲಿ ಭಾವನ ತಮ್ಮ ಅಕ್ಕನನ್ನು ನೋಡಲು ಬಂದರು, ಅಟ್ಟದಿಂದ ಇಳಿಸಿದ ಕಾಯಿ ಒಂದು ಚೀಲ ತಂದಿದ್ದರು. ಅವರು ಹೋದ ಮೇಲೆ ಅಕ್ಕ ತಾನೇ ಎದ್ದು, ಗೋಡೆ ಹಿಡಿದುಕೊಂಡು ಹೋಗಿ, ಎಡಗೈಯಲ್ಲಿ ಒಂದು ಕಾಯಿ ತೆಗೆದು ಕಿವಿಯ ಹತ್ತಿರ ಅಲ್ಲಾಡಿಸಿದಳು. ಅವಳ ಮುಖ ಅಷ್ಟು ಬೆಳಗಿದ್ದನ್ನು ಲಕ್ವ ಹೊಡೆದ ಮೇಲೆ ನಾನು ನೋಡಿರಲಿಲ್ಲ. ನನ್ನನ್ನು ಕೈ ಮಾಡಿ ಕರೆದಳು. ಕಾಯಿಯನ್ನು ನನ್ನ ಕಿವಿಗೆ ಹಿಡಿದು ಅಲ್ಲಾಡಿಸಿದಳು. ಒಳಗೆ ಕೊಬ್ಬರಿ ಲೊಟಲೊಟ ಎಂದಿತು. ಆಮೇಲೆ ಕಾಯಿಯನ್ನು ಮಡಿಲಲ್ಲಿಟ್ಟುಕೊಂಡು, ಬೆರಳಿನಿಂದ ತನ್ನ ಹಣೆಯನ್ನು ಎರಡು ಸಲ ತಟ್ಟಿ, ನನ್ನನ್ನೇ ನೋಡಿದಳು.

ನಾನು ಹುರುಪಿನಿಂದ, 'ಹೂಂ, ಏನದು? ಕೊ... ಕೊಬ್ಬ... ಹೇಳು ಹೇಳು' ಎಂದೆ.

ಅವಳು ಅದಲ್ಲವೆಂಬಂತೆ ತಲೆಯಾಡಿಸಿದಳು. ಮತ್ತೆ ಕಾಯಿ ಅಲ್ಲಾಡಿಸಿದಳು, ಮತ್ತೆ ಹಣೆ ತಟ್ಟಿದಳು. 'ತಲೆ ಅಲ್ಲ ಅಕ್ಕಾ, ಕೈಲಿರೋದು. ಕೊಬ್ಬರಿ. ಹುಟ್ಟಿದಾಗಿಂದ ನೋಡಿದೀಯ, ಇಷ್ಟೂ ಹೇಳಕ್ಕಾಗಲ್ವಾ?' ಎಂದೆ. ನೋಟ್‌ಬುಕ್ ತೆಗೆದು ಕೊಬ್ಬರಿ ಎಂಬ ಪದವನ್ನು ಬರೆದು, ಅದರ ಮೇಲೆ ಗೀಟು ಎಳೆದೆ. ಅಕ್ಕ ಕಾಯಿಯನ್ನು ಮೆಲ್ಲಗೆ ನೆಲದ ಮೇಲಿಟ್ಟಳು.

ಅವತ್ತಿನಿಂದ ಅವಳು ನನ್ನ ಹತ್ತಿರ ಮಾತಾಡಲಿಲ್ಲ. ಕಾರ್ಡು ತೋರಿಸಿದರೆ ಕಣ್ಣು ಮುಚ್ಚುತ್ತಿದ್ದಳು. ಎರಡು ತಿಂಗಳಾಯಿತು. ರೋಗ ಹೆಚ್ಚಿತು, ಉಳಿದಿದ್ದ ಮಾತೂ ಹೋಯಿತು ಎಂದು ನಾನು ಶಾಲೆಯಲ್ಲಿ ಸಿಕ್ಕಿದವರ ಮುಂದೆಲ್ಲ ಕಣ್ಣೀರು ಹಾಕಿದೆ. ನನ್ನ ಸೇವೆಯನ್ನು ಅವರೆಲ್ಲ ಹೊಗಳಿದರು.

ಜೂನ್ ತಿಂಗಳ ಒಂದು ದಿನ ಊರಿನಲ್ಲಿ ಯಾರೋ ಹಿರಿಯರು ತೀರಿಕೊಂಡರೆಂದು ಮಧ್ಯಾಹ್ನಕ್ಕೇ ಶಾಲೆ ಬಿಟ್ಟರು. ಮನೆಗೆ ಬಂದೆ. ಮುಂದಿನ ಬಾಗಿಲಿಗೆ ಚಿಲಕ ಹಾಕಿರಲಿಲ್ಲ. ಚಪ್ಪಲಿ ಬಿಟ್ಟು ಒಳಗೆ ಕಾಲಿಟ್ಟರೆ ಹಿತ್ತಿಲಿನಿಂದ ಮಾತು ಕೇಳಿಸಿತು, ನಗುವೂ ಕೇಳಿಸಿತು. ಅಕ್ಕನ ದನಿ. ನಾನು ನಡುಮನೆಯಲ್ಲಿ ನಿಂತುಬಿಟ್ಟೆ.

ತಡವರಿಸುತ್ತಿದ್ದಳು, ನಿಲ್ಲುತ್ತಿದ್ದಳು, ಆದರೆ ಮಾತಾಡುತ್ತಿದ್ದಳು. ಕರುವಿನ ಬಗ್ಗೆ ಏನೋ ಹೇಳಿದಳು, ಪಕ್ಕದ ಮನೆಯವಳು ಗೊಳ್ಳೆಂದು ನಕ್ಕಳು. ಆಮೇಲೆ ಅಕ್ಕ ದನಿ ತಗ್ಗಿಸಿ, 'ಕೆಂಪು ಗೀಟು ಬರೋ ಹೊತ್ತಾಯ್ತಾ?' ಎಂದು ಕೇಳಿದಳು.

'ಇಲ್ಲ ಕಣಕ್ಕಯ್ಯ, ಇಸ್ಕೂಲು ಬಿಡಾಕೆ ಇನ್ನೂ ಹೊತ್ತೈತೆ. ನೀ ಮಾತಾಡು' ಎಂದಳು ಅವಳು.

ಪದದ ನೇರ ಅರ್ಥ ಹೊಂದದಿದ್ದಾಗ, ಅದಕ್ಕೆ ಸಂಬಂಧಪಟ್ಟ ಬೇರೊಂದನ್ನು ಅರ್ಥವಾಗಿ ತೆಗೆದುಕೊಳ್ಳುವುದಕ್ಕೆ ಲಕ್ಷಣೆ ಎಂದು ಹೆಸರು. ಗೀಟು ಮನೆಗೆ ನಡೆದು ಬರುವುದಿಲ್ಲ, ಗೀಟು ಎಳೆಯುವವಳು ಬರುತ್ತಾಳೆ. ಇದನ್ನು ಮಕ್ಕಳಿಗೆ ಅರ್ಥ ಮಾಡಿಸಲು ನಾನು ಒಂದೊಂದು ಸಲ ಇಡೀ ಪಿರಿಯಡ್ ಒದ್ದಾಡಿದ್ದೇನೆ. ಅವತ್ತು ನನಗೆ ಅರ್ಥವಾಗಲು ಒಂದು ಗಳಿಗೆ ಬೇಕಾಗಲಿಲ್ಲ. ಹೆಗಲಿನ ಚೀಲವನ್ನು ನೆಲಕ್ಕಿಳಿಸಿ ಅಲ್ಲೇ ಕಂಬಕ್ಕೊರಗಿ ಕುಳಿತೆ. ಆ ಸದ್ದಿಗೆ ಹಿತ್ತಿಲಿನಲ್ಲಿ ಮಾತು ನಿಂತುಹೋಯಿತು.

ಸಂಜೆ ಪಕ್ಕದ ಮನೆಯವಳು ಹಾಲು ಕೊಡಲು ಬಂದಾಗ ಬಾಗಿಲ ಹೊರಗೆ ಕರೆದು ಕೇಳಿದೆ. ಅವಳು ಮೊದಲು ಹಿಂಜರಿದಳು. 'ನೀವು ಬೈಬ್ಯಾಡಿ ಟೀಚರಮ್ಮ. ನೀವ್ ಬಂದ್ರೆ ಅಕ್ಕಯ್ಯಂಗೆ ಎದೆ ಹೊಡ್ಕಂತದೆ. ಎಲ್ಲಿ ತಪ್ಪಾಯ್ತದೋ ಅಂತ ಭಯ' ಎಂದಳು.

'ನಿನಗೆ ಅವಳ ಮಾತು ಅರ್ಥ ಆಗುತ್ತಾ?'

'ಅಯ್ಯೋ, ಅರ್ಥ ಆಗ್ದಂಗೆ ಏನೈತೆ? ಆ ಕಾಯಿ ಚೀಲ ಬಂದಾಗ್ಲೇ ಒಂದಿನ ಕಾಯಿ ಅಲ್ಲಾಡ್ಸಿ ತೋರ್ಸಿದ್ರಲ್ಲ, ತಲೆ ತಟ್ಕಂಡು. ಮಾತು ಒಳಗೈತೆ, ಕೊಬ್ಬರಿ ಹಂಗೆ ಬಿಡಿಸ್ಕಂಡು ಒಳಗೇ ಉಳ್ಳಾಡ್ತೈತೆ, ಆಚೀಗೆ ಬರಾಕಿಲ್ಲ ಅಂತ. ನಿಮ್ಗೂ ತೋರ್ಸಿದ್ರಂತೆ?'

ಯಾವುದನ್ನು, ಯಾವುದಕ್ಕೆ, ಯಾವ ಗುಣಕ್ಕೆ, ಎಲ್ಲವನ್ನೂ ಅಕ್ಕ ಒಂದು ಕಾಯಿ ಮತ್ತು ಒಂದು ಬೆರಳಿನಲ್ಲಿ ಹೇಳಿದ್ದಳು. ನನ್ನ ಮೂವತ್ತು ವರ್ಷದ ನೌಕರಿಯಲ್ಲಿ ಅಂಥ ಉಪಮೆಯನ್ನು ಯಾರೂ ನನ್ನ ಮುಂದೆ ಇಟ್ಟಿರಲಿಲ್ಲ. ಹೆಬ್ಬೆಟ್ಟಿನವಳಿಗೆ ಅದು ತಿಳಿಯಿತು. ನಾನು ಅದಕ್ಕೆ ಸೊನ್ನೆ ಹಾಕಿದ್ದೆ.

ಕಾರ್ಡುಗಳನ್ನೂ ನೋಟ್‌ಬುಕ್ಕನ್ನೂ ಬಚ್ಚಲೊಲೆಗೆ ಹಾಕಿದೆ. ಕಾಫಿ ಮಾಡಿ, ಒಂದು ಮಾತೂ ಕೇಳದೆ ಅಕ್ಕನ ಎಡಗೈಗೆ ಲೋಟ ಕೊಟ್ಟೆ. 'ಅಕ್ಕಾ, ನಾನು ತಪ್ಪು ಮಾಡ್ದೆ. ಇನ್ನು ಯಾವತ್ತೂ ಕೇಳಲ್ಲ' ಎಂದು ಅವಳ ಕಾಲ ಹತ್ತಿರ ಕುಳಿತು ಅತ್ತೆ. ಅವಳು ನನ್ನ ಕೈಗಳನ್ನು ನೋಡಿದಳು. ಪೆನ್ನು ಇದೆಯೇ ಎಂದು ನೋಡುತ್ತಿದ್ದಳು.

ಆಮೇಲೆ ಅವಳ ಮಾತನ್ನು ನಾನೇ ಆಡತೊಡಗಿದೆ. 'ಗೋಡೆ ಕಣ್ಣು ತೆಗೀಲಾ ಅಕ್ಕಾ?' ಎಂದರೆ ತಲೆಯಾಡಿಸುತ್ತಿದ್ದಳು. 'ತಲೆ ಉಳೋದು ತಂದೆ, ಬಾ' ಎಂದು ಅವಳ ಕೂದಲು ಬಾಚುತ್ತಿದ್ದೆ. ಒಂದು ದಿನ ತುಟಿಯಂಚಿನಲ್ಲಿ ನಕ್ಕಳು. ಮಾತು ಮಾತ್ರ ಬರಲಿಲ್ಲ. ಪುಟ್ಟಿ ಎಂಬ ಮಾತಿನ ಆಸೆಯನ್ನು ನಾನು ಬಿಟ್ಟಿದ್ದೆ. ಹಿಂದೆ ಹಿಂದೆ ಬರೋಳು ಎಂದು ಇನ್ನೊಂದು ಸಲ ಅಂದರೆ ಸಾಕಾಗಿತ್ತು. ಅವಳು ನನಗಾಗಿಯೇ ಹುಡುಕಿ ತಂದಿದ್ದ ಹೆಸರು ಅದು. ಅದನ್ನೂ ನಾನು ಆಸ್ಪತ್ರೆಯ ಮಂಚದ ಮೇಲೆಯೇ ತಿದ್ದಿದ್ದೆ.

ಆಷಾಢದ ಒಂದು ಬೆಳಿಗ್ಗೆ. ಅವತ್ತು ನನ್ನ ತರಗತಿಗೆ ಅಲಂಕಾರದ ಕಿರುಪರೀಕ್ಷೆ ಇತ್ತು, ಪ್ರಶ್ನೆಪತ್ರಿಕೆ ಚೀಲದಲ್ಲಿತ್ತು. ಅಕ್ಕನಿಗೆ ಇಡ್ಲಿ ತಿನ್ನಿಸಿ, ಹಣೆಗೆ ವಿಭೂತಿ ಹಚ್ಚಿ, 'ಬರ್ತೀನಿ ಅಕ್ಕಾ' ಎಂದು ಎದ್ದೆ. ಎರಡು ಹೆಜ್ಜೆ ಇಡುವಷ್ಟರಲ್ಲಿ ಸೀರೆ ಜಗ್ಗಿತು. ತಿರುಗಿ ನೋಡಿದರೆ ಅಕ್ಕ ನನ್ನ ಸೆರಗಿನ ತುದಿಯನ್ನು ಎಡಗೈ ಮುಷ್ಟಿಯಲ್ಲಿ ಹಿಡಿದುಕೊಂಡಿದ್ದಳು. ಏನು ಬೇಕು ಎಂದು ಕೇಳಿದೆ. ನೀರು ತೋರಿಸಿದೆ, ಬೇಡವೆಂದು ತಲೆಯಾಡಿಸಿದಳು. ಹೊದಿಕೆ ಎಳೆದೆ, ಅದೂ ಬೇಡ. ಸುಮ್ಮನೆ ನನ್ನ ಮುಖ ನೋಡುತ್ತಿದ್ದಳು, ಮುಷ್ಟಿ ಬಿಡಲಿಲ್ಲ. ಹಗರೆ ಬಸ್ಸಿನ ಹಾರನ್ ಕೇಳಿಸಿತು. 'ಬಿಡು ಅಕ್ಕಾ, ಸಂಜೆ ಬೇಗ ಬರ್ತೀನಿ' ಎಂದು ಅವಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಓಡಿದೆ.

ಹನ್ನೊಂದೂವರೆಗೆ ಪಕ್ಕದ ಮನೆಯವಳ ಫೋನ್ ಬಂತು. ನಾನು ಮನೆ ಸೇರುವ ಹೊತ್ತಿಗೆ ಮುಗಿದುಹೋಗಿತ್ತು.

ಅರಸೀಕೆರೆಯ ತೋಟದಲ್ಲಿ ಭಾವನ ಪಕ್ಕದಲ್ಲೇ ಸಮಾಧಿಗೆ ಗುಂಡಿ ತೆಗೆದಿದ್ದರು. ಅಟ್ಟದ ಮನೆಯಿಂದ ತೋಟಕ್ಕೆ ಕಾಲುದಾರಿ. ನಮ್ಮ ಪದ್ಧತಿಯಂತೆ ಅಕ್ಕನನ್ನು ಕೂರಿಸಿ ಹೊತ್ತವರು ಮುಂದೆ ಹೋದರು. ಗಾಳಿಗೆ ಅವಳ ಸೀರೆಯ ಅಂಚು ಅಲ್ಲಾಡುತ್ತಿತ್ತು, ನಾನು ಅದನ್ನೇ ನೋಡುತ್ತಾ ಹಿಂದೆ ಹಿಂದೆ ನಡೆದೆ. ಅರ್ಧ ದಾರಿಯಲ್ಲಿ ನನ್ನ ಕಾಲು ನಿಂತುಹೋಯಿತು. ಬೆಳಗಿನ ಆ ಮುಷ್ಟಿ, ನನ್ನ ಸೆರಗಿನ ತುದಿ ಕಣ್ಣ ಮುಂದೆ ಬಂತು. ನನ್ನ ಬಾಲ್ಯವೆಲ್ಲ ಅವಳ ಸೆರಗಿಗೆ ನೇತುಬಿದ್ದಿದ್ದು ಹಾಗೆಯೇ ಅಲ್ಲವೇ? ಯಾರೋ 'ನಡೀರಮ್ಮ' ಎಂದರು. ನನಗೆ ಜೋರಾಗಿ ಕೂಗಬೇಕೆನ್ನಿಸಿತು, ಬಾಯಿಂದ ಒಂದು ಪದವೂ ಹೊರಡಲಿಲ್ಲ.

ಅಕ್ಕ ಅವತ್ತು ಬೆಳಿಗ್ಗೆ ನನ್ನನ್ನು ಹೆಸರು ಹಿಡಿದು ಕರೆದಿದ್ದಳು. ಬಸ್ಸಿಗೆ ಹೊತ್ತಾಯಿತೆಂದು ನಾನು ಬೆರಳು ಬಿಡಿಸಿಕೊಂಡು ಹೋಗಿದ್ದೆ.